ಕೇಳಿ ಬರೆದುಕೊಂಡದ್ದು
(ಬಾನುಲಿ ಭಾಷಣ)

ಸಾಗರ ಸೀಮೆಯ ಕಾಲೇಜೊಂದರಲ್ಲಿ ನಾನು ಬಹಳ ವರ್ಷ ಕನ್ನಡ ಪಾಠ ಹೇಳಿದವನು. ಚರಿತ್ರೆ ನನ್ನ ವಿಷಯವಲ್ಲ. ಜಾನಪದ ವಿದ್ವಾಂಸನೂ ನಾನಲ್ಲ. ಆದ್ದರಿಂದ ಇಂದು ನಾನು ಹೇಳಲಿರುವುದನ್ನು ಸಂಶೋಧನೆಯ ಫಲವೆಂದು ಕೇಳುಗರು ಭಾವಿಸಬಾರದು. 2008ರ ಬೇಸಿಗೆಯಿಂದ ಮೊದಲುಗೊಂಡು ಆರೇಳು ವರ್ಷ ನನ್ನ ವಿದ್ಯಾರ್ಥಿಗಳು ತಂತಮ್ಮ ಊರುಗಳ ಹಿರಿಯರ ಬಳಿ ಕುಳಿತು, ಅವರ ನಿತ್ಯದ ಬದುಕಿನ ಸಂಗತಿಗಳನ್ನು ಕೇಳಿ ಬರೆದುಕೊಂಡು ಬಂದರು. ಹಾಗೆ ಬಂದ ನೋಟುಪುಸ್ತಕಗಳು ನನ್ನ ಮನೆಯ ಎರಡು ಕಪಾಟುಗಳನ್ನು ತುಂಬಿವೆ. ಅವುಗಳ ವಿಷಯವಾಗಿ, ಅದಕ್ಕಿಂತ ಹೆಚ್ಚಾಗಿ ಅವುಗಳ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪಿನ ವಿಷಯವಾಗಿ, ನಾಲ್ಕು ಮಾತು ಆಡಬೇಕೆಂದಿದ್ದೇನೆ.

ಮೊದಲ ವರ್ಷ ನಾನು ಪ್ರಶ್ನೆಗಳ ಒಂದು ಪಟ್ಟಿಯನ್ನು ಸಿದ್ಧಪಡಿಸಿಕೊಟ್ಟಿದ್ದೆ. ‘ನಿಮ್ಮ ಜೀವಿತಕಾಲದ ಮುಖ್ಯ ಘಟನೆಗಳಾವುವು?’ ಎಂಬುದು ಅದರ ಮೊದಲ ಪ್ರಶ್ನೆ. ಹುಡುಗರು ಒಂದು ವಾರ ಕಳೆದು ಬಂದರು. ಹೆಚ್ಚಿನವರ ಪುಸ್ತಕದಲ್ಲಿ ಒಂದೇ ಉತ್ತರ: ‘ನಮ್ಮದೆಂಥ ಘಟನೆ? ಗದ್ದೆ, ತೋಟ, ಮಕ್ಕಳು, ಮರಿ, ಅಷ್ಟೆ.’ ಘಟನೆ ಎಂಬುದು ದೊಡ್ಡವರಿಗೆ ಸಂಭವಿಸುವಂಥದು ಎಂದು ಆ ಹಿರಿಯರು ನಂಬಿದ್ದರು. ಪ್ರಶ್ನೆ ಬರೆದುಕೊಟ್ಟ ನಾನೂ ಹಾಗೆಯೇ ನಂಬಿದ್ದೆನೆಂದು ಕಾಣುತ್ತದೆ. ಒಬ್ಬ ಹುಡುಗಿ ಮಾತ್ರ ಪಟ್ಟಿಯನ್ನು ಮನೆಯಲ್ಲೇ ಮರೆತು ಅಜ್ಜಿಯ ಮನೆಗೆ ಹೋಗಿದ್ದಳು. ಕೇಳಲು ಏನೂ ತೋಚದೆ, ‘ಅಜ್ಜಿ, ಮಳೆಗಾಲದಲ್ಲಿ ಬೆಂಕಿಪೊಟ್ಟಣ ಮೆತ್ತಗಾದರೆ ಒಲೆ ಹೇಗೆ ಹೊತ್ತಿಸುತ್ತಿದ್ದಿರಿ?’ ಎಂದು ಕೇಳಿದಳಂತೆ. ಅಜ್ಜಿ ಆರಂಭಿಸಿದ್ದು ಮಧ್ಯಾಹ್ನದ ಊಟವಾದ ಮೇಲೆ. ಮುಗಿಸಿದ್ದು ದನ ಕಟ್ಟುವ ಹೊತ್ತಿಗೆ. ಮೂವತ್ತೆರಡು ಪುಟ! ನಾನು ನನ್ನ ಪಟ್ಟಿಯನ್ನು ಹರಿದುಹಾಕಿದೆ. ಅಂದಿನಿಂದ ನಮ್ಮ ನಿಯಮ ಒಂದೇ: ಏನಾಯಿತೆಂದು ಕೇಳಕೂಡದು, ಹೇಗೆ ಮಾಡುತ್ತಿದ್ದಿರಿ ಎಂದು ಕೇಳಬೇಕು.

ಮಲೆನಾಡಿನ ಮಳೆಗಾಲವನ್ನು ಕುರಿತು ಕವಿಗಳು ಬಹಳ ಬರೆದಿದ್ದಾರೆ. ಆದರೆ ಆ ನಾಲ್ಕು ತಿಂಗಳಿಗಾಗಿ ಒಂದು ಮನೆ ಉಳಿದ ಎಂಟು ತಿಂಗಳು ಹೇಗೆ ಸಿದ್ಧವಾಗುತ್ತಿತ್ತೆಂಬುದು ಈ ಪುಸ್ತಕಗಳನ್ನು ಓದುವವರೆಗೆ ಇಷ್ಟು ವಿವರವಾಗಿ ನನಗೂ ತಿಳಿದಿರಲಿಲ್ಲ. ದರಕು ಗುಡಿಸಿ ತುಂಬುವುದು, ಸೌದೆಯನ್ನು ಒಡೆದು ಒಲೆಯ ಮೇಲಿನ ಅಟ್ಟಕ್ಕೆ ಏರಿಸುವುದು, ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುವುದು, ಹಪ್ಪಳ ಒಣಗಿಸುವುದು, ಅಪ್ಪೆಮಿಡಿಯನ್ನು ಕೊಯ್ದು ನೆಲಕ್ಕೆ ಬೀಳದಂತೆ ಇಳಿಸಿ ಭರಣಿಗೆ ಹಾಕುವುದು. ಮಿಡಿ ನೆಲಕ್ಕೆ ಬಿದ್ದು ಪೆಟ್ಟಾದರೆ ಇಡೀ ಭರಣಿ ಕೆಡುತ್ತದೆ. ಉಪ್ಪನ್ನು ಒಲೆಯ ಬಳಿಯೇ ಇಡಬೇಕು. ಇಲ್ಲದಿದ್ದರೆ ಆರಿದ್ರೆ ಮಳೆ ಹಿಡಿಯುವ ಹೊತ್ತಿಗೆ ಅದು ನೀರಾಗಿರುತ್ತದೆ. ರಾತ್ರಿ ಮಲಗುವ ಮುನ್ನ ದಪ್ಪ ಕುಂಟೆಯೊಂದನ್ನು ಬೂದಿಯಲ್ಲಿ ಹುಗಿದು ಕೆಂಡವನ್ನು ಬೆಳಗಿನವರೆಗೆ ಉಳಿಸಿಕೊಳ್ಳುವುದು ಮನೆಯ ಹಿರಿಯ ಹೆಂಗಸಿನ ಹೊಣೆ. ಆರಿಹೋದರೆ ಪಕ್ಕದ ಮನೆಯಿಂದ ಕೆಂಡ ತರಬೇಕು. ಪಕ್ಕದ ಮನೆಯೆಂದರೆ ಆ ಕಡೆ ಅರ್ಧ ಮೈಲಿ, ನಡುವೆ ಒಂದು ಹಳ್ಳ. ಆ ಮೂವತ್ತೆರಡು ಪುಟದ ಅಜ್ಜಿ ಹೊಸ ಸೊಸೆಯಾಗಿದ್ದಾಗ ಒಮ್ಮೆ ಕೆಂಡ ಆರಿಸಿಕೊಂಡು, ಅತ್ತೆ ಏಳುವುದರೊಳಗೆ ಕಂಬಳಿ ಕೊಪ್ಪೆಯೊಳಗೆ ಮಡಕೆಚೂರಿನಲ್ಲಿ ಕೆಂಡ ಹಿಡಿದು ಹಳ್ಳ ದಾಟಿ ಬಂದವಳು. ‘ಕಂಬಳಿ ಸುಟ್ಟಿತ್ತು, ಮೂರು ವರ್ಷ ಆ ತೂತನ್ನು ಮಡಿಕೆಯ ಒಳಗೇ ಇಟ್ಟು ಹೊದ್ದೆ’ ಎಂದು ಅವರು ಹೇಳಿದ್ದನ್ನು ಹುಡುಗಿ ಬರೆದುಕೊಂಡಿದ್ದಾಳೆ.

ಅಡಿಕೆ ತೋಟದ ಸಂಗತಿ ಇನ್ನೊಂದು ಬಗೆಯದು. ಮಳೆಯಲ್ಲಿ ಬರುವ ಕೊಳೆರೋಗಕ್ಕೆ ಹಿಂದೆ ಇದ್ದ ಉಪಾಯವೆಂದರೆ ಕೊನೆಗೆ ಕೊಟ್ಟೆ ಕಟ್ಟುವುದು. ಕೊನೆಗಾರ ಮರವೇರಿ, ಮರದಿಂದ ಮರಕ್ಕೆ ಬಳುಕಿ ಹಿಡಿದುಕೊಂಡು, ಪ್ರತಿಯೊಂದು ಕೊನೆಗೂ ಮಳೆ ತಾಕದಂತೆ ಹೊದಿಕೆ ಹಾಕುತ್ತಿದ್ದ. ಕೆನಡಾದಿಂದ ಬಂದು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಲೆಸ್ಲಿ ಕೋಲ್‌ಮನ್ ಅವರು ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣವನ್ನು ಈ ರೋಗಕ್ಕೆ ಬಳಕೆಗೆ ತಂದರೆಂಬುದನ್ನು ಕೃಷಿಯ ಚರಿತ್ರೆಯಲ್ಲಿ ಓದಿದ್ದೇವೆ. ವಿದ್ಯಾರ್ಥಿಗಳು ತಂದದ್ದು ಅದರ ಮುಂದಿನ ಅಧ್ಯಾಯ. ಔಷಧಿಯ ಮಾತು ಕೇಳಿ ಹಳಬರು ಅದನ್ನು ನಂಬದೆ, ಅರ್ಧ ತೋಟಕ್ಕೆ ಹೊಡೆಸಿ ಅರ್ಧ ತೋಟಕ್ಕೆ ಕೊಟ್ಟೆಯನ್ನೇ ಕಟ್ಟಿಸಿದ ಮನೆಗಳಿದ್ದವು. ತುತ್ತದ ನೀಲಿ ಹಿಡಿದ ಅಂಗಿಯನ್ನು ಎಷ್ಟು ಒಗೆದರೂ ಬಣ್ಣ ಬಿಡುತ್ತಿರಲಿಲ್ಲ. ಕೊನೆಗಾರರ ಹೆಂಡಂದಿರು ಕೇಳಿದ್ದು ಕೂಲಿಯನ್ನಲ್ಲ, ಬೇರೆ ಅಂಗಿಯನ್ನು. ಇಂಥದು ಯಾವ ವರದಿಯಲ್ಲೂ ಸಿಗಲಾರದು.

ಇಸವಿಯ ತೊಂದರೆ ಮೊದಲಿನಿಂದಲೂ ಇತ್ತು. ‘ಯಾವ ವರ್ಷ, ಅಜ್ಜ?’ ಎಂದರೆ ಅವರಲ್ಲಿ ಅಂಕಿಗಳಿಲ್ಲ. ಅವರ ಪಂಚಾಂಗ ಬೇರೆ. ವಿದ್ಯಾರ್ಥಿಗಳು ನಿಧಾನವಾಗಿ ಅದನ್ನು ಕಲಿತರು. ‘ಗಾಂಧಿ ಸತ್ತ ವರ್ಷ’ ಎಂದರೆ 1948. ‘ಕಾಗೋಡಿನ ಗಲಾಟೆ’ ಎಂದರೆ 1951. ‘ಮಂಗ ಸತ್ತ ವರ್ಷ’ ಎಂದರೆ 1957. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು ಆಗ. ‘ನೀರು ಬಂದದ್ದು’ ಎಂದರೆ 1964, ಲಿಂಗನಮಕ್ಕಿ. ‘ಉಳುವವನೇ ಒಡೆಯ ಆದದ್ದು’ ಎಂದರೆ 1974ರ ಭೂಸುಧಾರಣೆ. ಈ ಮೊಳೆಗಳಿಗೆ ಉಳಿದದ್ದನ್ನೆಲ್ಲ ತೂಗುಹಾಕಬೇಕು: ಮದುವೆಯನ್ನು, ಮಗು ಹುಟ್ಟಿದ್ದನ್ನು, ಹಸು ಕೊಂಡದ್ದನ್ನು.

ಈಗ ಕೊಳಗದ ವಿಷಯಕ್ಕೆ ಬರುತ್ತೇನೆ. ಕಾಗೋಡು ಸತ್ಯಾಗ್ರಹವನ್ನು ಕುರಿತು ನಮ್ಮ ಪಠ್ಯಪುಸ್ತಕಗಳು ಒಂದೆರಡು ವಾಕ್ಯಗಳಲ್ಲಿ ಹೇಳುತ್ತವೆ: 1951ರ ಏಪ್ರಿಲ್‌ನಲ್ಲಿ ಗೇಣಿದಾರರು ಹೋರಾಟಕ್ಕಿಳಿದರು, ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು. ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಬೆಂಬಲಕ್ಕೆ ನಿಂತರು. ರಾಮಮನೋಹರ ಲೋಹಿಯಾ ಬಂದು ಬಂಧಿತರಾದರು. ಎಲ್ಲವೂ ನಿಜ. ಆದರೆ ಇಷ್ಟೆಲ್ಲಕ್ಕೆ ಹಿನ್ನೆಲೆಯಾಗಿದ್ದ ವಸ್ತು ಒಂದು ಪಾತ್ರೆ. ಗೇಣಿಯ ಭತ್ತವನ್ನು ಅಳೆದುಕೊಳ್ಳಲು ಒಡೆಯರ ಮನೆಗಳಲ್ಲಿ ಬಳಸುತ್ತಿದ್ದ ಕೊಳಗ, ರೂಢಿಯ ಕೊಳಗಕ್ಕಿಂತ ದೊಡ್ಡದಾಗಿತ್ತೆಂಬುದು ಗೇಣಿದಾರರ ದೂರು.

ಆ ವರ್ಷ ನನ್ನ ತರಗತಿಯಲ್ಲಿ ಇಬ್ಬರು ಹುಡುಗರಿದ್ದರು. ಒಬ್ಬ ತೋಟದ ಒಡೆಯರ ಮನೆಯವನು. ಇನ್ನೊಬ್ಬ ಹಿಂದೆ ಗೇಣಿ ಮಾಡುತ್ತಿದ್ದ ದೀವರ ಮನೆಯವನು. ಇಬ್ಬರನ್ನೂ ಒಂದೇ ಜೋಡಿಗೆ ಹಾಕಿದ್ದು ನಾನು ಯೋಚಿಸಿ ಮಾಡಿದ ಕೆಲಸವಲ್ಲ. ಹಾಜರಿ ಪುಸ್ತಕದಲ್ಲಿ ಅವರ ಹೆಸರುಗಳು ಒಂದರ ಕೆಳಗೊಂದು ಇದ್ದವು. ಅವರು ಮೊದಲು ಹೋದದ್ದು ಒಡೆಯರ ಮನೆಯ ಅಜ್ಜನ ಬಳಿಗೆ. ‘ಎಲ್ಲ ಮನೆಯಲ್ಲೂ ಹಾಗೆಯೇ ಇತ್ತಪ್ಪ. ಹಸಿ ಭತ್ತ ಒಣಗಿದರೆ ಕುಗ್ಗುತ್ತದೆ, ಜೊಳ್ಳು ಹೋಗುತ್ತದೆ. ಅದಕ್ಕೆಂದು ಸ್ವಲ್ಪ ಹೆಚ್ಚು. ನಾವು ಮಾಡಿದ್ದಲ್ಲ, ನಮ್ಮ ಹಿರಿಯರಿಂದ ಬಂದದ್ದು’ ಎಂದರು ಅವರು. ಸುಳ್ಳು ಹೇಳುವ ಧ್ವನಿಯಲ್ಲ ಅದು. ಮುದ್ರಣದಲ್ಲಿ ನಾನು ಕೇಳಿದ್ದೇನೆ. ಆಮೇಲೆ ಇಬ್ಬರೂ ಇನ್ನೊಂದು ಮನೆಗೆ ಹೋದರು. ಒಡೆಯರ ಮನೆಯ ಹುಡುಗನನ್ನು ಕಂಡು ಅಲ್ಲಿಯ ಅಜ್ಜ ಎದ್ದು ನಿಂತರಂತೆ. ಎಂಬತ್ತು ದಾಟಿದವರು, ಹತ್ತೊಂಬತ್ತರ ಹುಡುಗನೆದುರು! ಹುಡುಗನಿಗೆ ಏನು ಮಾಡಬೇಕೆಂದು ತೋಚದೆ, ಅವನೂ ನಿಂತೇ ಇದ್ದ. ಮೊಮ್ಮಗ ಇಬ್ಬರನ್ನೂ ಗದರಿಸಿ ಜಗುಲಿಯ ಮೇಲೆ ಕೂರಿಸಬೇಕಾಯಿತು.

ಆ ಅಜ್ಜ ಕೊಳಗದ ಗಾತ್ರದ ಮಾತನ್ನೇ ಆಡಲಿಲ್ಲ. ಅಳೆಯುವ ರೀತಿಯನ್ನು ಹೇಳಿದರು. ರಾಶಿಯಲ್ಲಿ ಅಳೆಯುವಾಗ ಮೊದಲನೆಯದನ್ನು ‘ಒಂದು’ ಎನ್ನುವುದಿಲ್ಲ, ‘ಲಾಭ’ ಎಂದು ಎಣಿಸುವುದು ನಮ್ಮ ನಾಡಿನ ರೂಢಿ. ‘ಲಾಭ ಅಂತ ನಾನೇ ಕೂಗುತ್ತಿದ್ದೆ, ಮಗಾ. ಯಾರಿಗೆ ಲಾಭ ಅಂತ ಕೂಗಲಿಲ್ಲ, ಅಷ್ಟೆ’ ಎಂದು ನಕ್ಕರು. ಕೊಳಗದ ಬಾಯಿಗೆ ಸಮನಾಗಿ ತಲೆ ಹೊಡೆದು ಅಳೆಯುವುದು ಬೇರೆ, ಗೋಪುರ ಏರಿಸಿ ಅಳೆಯುವುದು ಬೇರೆ. ಕೈಯನ್ನು ಹೇಗೆ ಇಟ್ಟರೆ ಎಷ್ಟು ನಿಲ್ಲುತ್ತದೆಂಬುದನ್ನು ಅವರು ಜಗುಲಿಯ ಮೇಲೆ ಬರಿಗೈಯಲ್ಲಿ ತೋರಿಸಿದರು. ಅರುವತ್ತು ವರ್ಷದ ಹಿಂದಿನ ಲೆಕ್ಕ ಅವರ ಬೆರಳುಗಳಲ್ಲಿ ಇತ್ತು.

ಹದಿನೈದು ದಿನ ಕಳೆದು ಒಡೆಯರ ಮನೆಯ ಹುಡುಗ ಒಂದು ಚೀಲ ಹೊತ್ತು ನನ್ನ ಕೊಠಡಿಗೆ ಬಂದ. ಅವನ ಮನೆಯ ಅಟ್ಟದಲ್ಲಿದ್ದ ಹಳೆಯ ಮರದ ಕೊಳಗ ಅದರಲ್ಲಿತ್ತು. ಜೊತೆಗೆ ಅಡಿಗೆಮನೆಯ ಹಿತ್ತಾಳೆ ಸೇರು, ಒಂದಿಷ್ಟು ಅಕ್ಕಿ. ಇಬ್ಬರೂ ಸೇರಿ ಅಳೆದರು. ತುಂಬಬೇಕಾದಷ್ಟು ಸೇರು ಸುರಿದ ಮೇಲೂ ಕೊಳಗದಲ್ಲಿ ಜಾಗವಿತ್ತು. ಯಾರೂ ಏನೂ ಅನ್ನಲಿಲ್ಲ. ಅಕ್ಕಿಯನ್ನು ಚೀಲಕ್ಕೆ ಸುರಿದುಕೊಂಡು, ‘ಸಾರ್, ಅಜ್ಜ ಹೇಳಿದ್ದನ್ನೂ ಬರೀತೀನಿ, ಇದನ್ನೂ ಬರೀತೀನಿ’ ಎಂದ ಆ ಹುಡುಗ. ಬರೆದ. ಅಜ್ಜನಿಗೆ ಓದಿಯೂ ಹೇಳಿದನಂತೆ. ಎರಡು ದಿನ ಆ ಅಜ್ಜ ಮೊಮ್ಮಗನೊಡನೆ ಮಾತಾಡಲಿಲ್ಲ. ಮೂರನೆಯ ದಿನ, ‘ಆ ಮನೆಯವರ ಹತ್ತಿರ ಹೋದಾಗ ಚಹಾ ಕುಡಿದು ಬಂದೆಯೋ, ಇಲ್ಲವೋ?’ ಎಂದಷ್ಟೆ ಕೇಳಿದರಂತೆ. ಕುಡಿದಿದ್ದೆನೆಂದು ಹುಡುಗ ಉತ್ತರಿಸಿದ. ಮಾತು ಅಲ್ಲಿಗೆ ಮುಗಿಯಿತು. ಈ ಕೊನೆಯ ಭಾಗವನ್ನೂ ಅವನು ಪುಸ್ತಕದಲ್ಲಿ ಸೇರಿಸಿದ್ದಾನೆ. ಸೇರಿಸೆಂದು ನಾನು ಹೇಳಿರಲಿಲ್ಲ.

ಇನ್ನು ನೀರಿನ ಕಥೆ. ಅದನ್ನು ಬಿಟ್ಟು ಈ ಸೀಮೆಯ ಹಿರಿಯರೊಡನೆ ಯಾವ ಮಾತನ್ನೂ ಬಹಳ ದೂರ ಒಯ್ಯಲಾಗದು. ಜೋಗದ ವಿದ್ಯುದಾಗಾರಕ್ಕಾಗಿ ಮಡೆನೂರಿನಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು 1948ರ ವೇಳೆಗೆ ಸಿದ್ಧವಾಯಿತು. ಹದಿನಾರು ವರ್ಷದ ಮೇಲೆ ಅದಕ್ಕಿಂತ ಎಷ್ಟೋ ದೊಡ್ಡದಾದ ಲಿಂಗನಮಕ್ಕಿ ಬಂದು, ಊರುಗಳನ್ನಷ್ಟೆ ಅಲ್ಲ, ಮೊದಲಿನ ಆ ಅಣೆಕಟ್ಟನ್ನೂ ಮುಳುಗಿಸಿತು. ನೀರು ತೀರ ಇಳಿದ ಬೇಸಿಗೆಗಳಲ್ಲಿ ಹಳೆಯ ಕಟ್ಟಡ ಮೇಲೆದ್ದು ಕಾಣುತ್ತದೆ. ಜನ ನೋಡಲು ಹೋಗುತ್ತಾರೆ. ಗೇಣಿದಾರನ ಪಾಲಿಗೆ ಕಾಲವೂ ತಪ್ಪಿತ್ತು. ಭೂಮಿ ಉಳುವವನದೆಂದು ಕಾನೂನು ಬಂದದ್ದು 1974ರಲ್ಲಿ. ನೀರು ಬಂದದ್ದು ಅದಕ್ಕೆ ಹತ್ತು ವರ್ಷ ಮೊದಲು. ಪರಿಹಾರ ಭೂಮಿ ಯಾರ ಹೆಸರಿನಲ್ಲಿತ್ತೋ ಅವರಿಗೆ. ಶಿವಮೊಗ್ಗ ಜಿಲ್ಲೆಯ ಕಾಡಂಚುಗಳಲ್ಲಿ ನೆಲೆ ನಿಂತ ಕುಟುಂಬಗಳ ಹಕ್ಕುಪತ್ರದ ಪ್ರಶ್ನೆ ಇಷ್ಟು ವರ್ಷಗಳಾದರೂ ಪೂರ್ತಿಯಾಗಿ ಬಗೆಹರಿದಿಲ್ಲ. ನಾ. ಡಿಸೋಜ ಅವರ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳನ್ನು ಓದಿದವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

ವಿದ್ಯಾರ್ಥಿಗಳೂ ಅವನ್ನು ಓದಿದ್ದರು. ಅದರಿಂದ ಒಂದು ಉಪದ್ರವವೂ ಆಯಿತು. ‘ನಾಡಿಗೆ ಬೆಳಕು ಕೊಟ್ಟವರು ಕತ್ತಲೆಯಲ್ಲಿ ಉಳಿದರು’ ಎಂಬ ವಾಕ್ಯ ಹತ್ತು ಪುಸ್ತಕಗಳಲ್ಲಿ ಹತ್ತು ಸಲ ಬಂದಿತು. ನಿಜವಾದ ಮಾತೇ, ಆದರೆ ಅದು ಭಾಷಣದ ಮಾತು, ಹೇಳಿದವರ ಮಾತಲ್ಲ. ಹಿಂದಕ್ಕೆ ಕಳುಹಿಸಿದೆ: ಯಾವ ದೀಪ ಹಚ್ಚುತ್ತಿದ್ದರು, ಸೀಮೆಎಣ್ಣೆ ಎಲ್ಲಿಂದ ತರುತ್ತಿದ್ದರು, ಕೇಳಿ ಬನ್ನಿ. ಬಂದ ಉತ್ತರಗಳಲ್ಲಿ ಒಂದನ್ನು ಹೇಳುತ್ತೇನೆ. ಹೊಸ ಜಾಗದಲ್ಲಿ ಚಿಮಣಿ ಬುಡ್ಡಿಯ ಎಣ್ಣೆ ಉಳಿಸಲು ಸಂಜೆ ಬೆಳಕಿರುವಾಗಲೇ ಮಕ್ಕಳಿಗೆ ಉಣ್ಣಿಸುತ್ತಿದ್ದರಂತೆ. ಆ ಮಕ್ಕಳು ರಾತ್ರಿ ಮತ್ತೆ ಹಸಿದು ಏಳುತ್ತಿದ್ದವು. ‘ಎಣ್ಣೆ ಉಳಿಯಿತು, ಅಕ್ಕಿ ಹೋಯಿತು’ ಎಂದರು ಆ ತಾಯಿ.

ಏನನ್ನು ಹೊತ್ತು ತಂದಿರಿ ಎಂಬ ಪ್ರಶ್ನೆಗೆ ಬಂದ ಉತ್ತರಗಳೂ ಹೀಗೆಯೇ. ಬಾಗಿಲುವಾಡ, ಹೆಂಚು, ತೊಲೆ, ಒರಳು, ತುಳಸಿಯ ಬುಡದ ಮಣ್ಣು, ಚೌಡಿಯ ಕಲ್ಲು. ಹೊಳೆದಂಡೆಯ ಅಪ್ಪೆಮರವನ್ನು ತರಲಾಗಲಿಲ್ಲ. ಒಬ್ಬರು ಅದರ ಓಟೆಗಳನ್ನು ತಂದು ನೆಟ್ಟರು. ಮರವಾಯಿತು, ಕಾಯಿಯೂ ಬಿಟ್ಟಿತು, ಆ ಪರಿಮಳ ಬರಲಿಲ್ಲ. ದೀವರ ಮನೆಯ ಗೋಡೆಗಳ ಮೇಲೆ ಮದುವೆಗೆಂದು ಬರೆಯುವ ಹಸೆ ಚಿತ್ತಾರ ಕೆಮ್ಮಣ್ಣಿನ ಗೋಡೆಯೊಡನೆ ನೀರಿನಲ್ಲಿ ಕರಗಿತು. ಬರೆಯುವ ಕೈ ಜೊತೆಗೆ ಬಂದಿತ್ತೆನ್ನಿ. ಹೊಸ ಊರಿನಲ್ಲಿ ಪುಂಡಿನಾರಿನ ಕುಂಚ ಮಾಡಿಕೊಂಡು ಮೊದಲ ಭೂಮಿಹುಣ್ಣಿಮೆಗೆ ಬುಟ್ಟಿಯ ಮೇಲೆ ಚಿತ್ತಾರ ಬರೆದ ಹೆಂಗಸೊಬ್ಬರು, ಬೆಳಗಿನ ಜಾವ ಚರಗ ಚೆಲ್ಲಲು ತಮ್ಮದೆನ್ನುವ ಗದ್ದೆಯಿಲ್ಲದೆ, ಬೇರೆಯವರ ಗದ್ದೆಯ ಬದುವಿನಲ್ಲಿ ಚೆಲ್ಲಿ ಬಂದರಂತೆ.

ಇಲ್ಲಿಗೆ ನನ್ನ ತಪ್ಪಿನ ಮಾತು. ಮೊದಲ ಎರಡು ವರ್ಷ ವಿದ್ಯಾರ್ಥಿಗಳು ತಂದ ಪುಸ್ತಕಗಳನ್ನು ನಾನು ಕೆಂಪು ಶಾಯಿಯಿಂದ ತಿದ್ದುತ್ತಿದ್ದೆ. ಕನ್ನಡ ಮೇಷ್ಟರ ಅಭ್ಯಾಸ; ಕೈ ಸುಮ್ಮನಿರದು. ಕಾಗುಣಿತವನ್ನು ಮಾತ್ರ ತಿದ್ದಿದ್ದರೆ ಚಿಂತೆಯಿರಲಿಲ್ಲ. ವಾಕ್ಯಗಳನ್ನೂ ‘ಸರಿ’ ಮಾಡಿದೆ. ಆಮೇಲೆ ಅವನ್ನು ಶುದ್ಧಪ್ರತಿ ಮಾಡಿಸಿ, ಒರಟು ಪ್ರತಿಗಳನ್ನು ಹಿಂದಕ್ಕೆ ಕೊಟ್ಟೆ. ಬಹಳ ದಿನಗಳ ಮೇಲೆ, ಉಳಿದಿದ್ದ ಒಂದು ಒರಟು ಪ್ರತಿಯನ್ನು ಶುದ್ಧಪ್ರತಿಯ ಪಕ್ಕದಲ್ಲಿಟ್ಟು ಓದುವ ಸಂದರ್ಭ ಬಂದಿತು. ಶುದ್ಧಪ್ರತಿಯಲ್ಲಿ ಹೀಗಿತ್ತು: ‘ಆ ವರ್ಷ ನಮ್ಮ ಗ್ರಾಮವು ಜಲಾವೃತವಾಯಿತು.’ ಕೆಂಪು ಗೆರೆಯ ಅಡಿಯಲ್ಲಿ ಅಜ್ಜಿಯ ಮಾತು ಇನ್ನೂ ಕಾಣುತ್ತಿತ್ತು: ‘ಕೆಳಗೆ ಹೋದ ಹೊಳೆ ತಿರುಗಿ ಮನೆಗೆ ಬಂತು.’

ಆ ವಾಕ್ಯವನ್ನು ನಾನೇ ಹೊಡೆದುಹಾಕಿದ್ದೆ. ಹೊಳೆ ಮೇಲಕ್ಕೆ ಹರಿಯುವುದಿಲ್ಲವೆಂಬ ತಿಳಿವಳಿಕೆ ನನಗಿತ್ತಲ್ಲ! ಆದರೆ ಆಕೆ ಕಂಡದ್ದು ಅದನ್ನೇ. ದಿನವೂ ಬಟ್ಟೆ ಒಗೆಯುತ್ತಿದ್ದ ಹೊಳೆ, ಕಣ್ಣೆದುರಿನಲ್ಲಿ ಕೆಳಗೆ ಹರಿದುಹೋಗುತ್ತಿದ್ದ ಹೊಳೆ, ಒಂದು ದಿನ ಹರಿಯುವುದನ್ನು ನಿಲ್ಲಿಸಿತು. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ಬಂದಿತು. ಎಂಜಿನಿಯರರು ‘ಹಿನ್ನೀರು’ ಎನ್ನುವುದಕ್ಕೂ ಆಕೆಯ ಮಾತಿಗೂ ದೂರವೇನಿಲ್ಲ. ‘ಜಲಾವೃತ’ ಎಂಬ ಶಬ್ದದಲ್ಲಿ ಹೊಳೆಯೂ ಇಲ್ಲ, ಮನೆಯೂ ಇಲ್ಲ. ನಾನು ಕೂಡಲೆ ಆ ವಿದ್ಯಾರ್ಥಿನಿಯನ್ನು ಹುಡುಕಿಸಿದೆ. ಆಕೆಗೆ ಮದುವೆಯಾಗಿ ಬೆಂಗಳೂರಿನಲ್ಲಿದ್ದಳು. ಅಜ್ಜಿ ತೀರಿಕೊಂಡು ವರ್ಷವಾಗಿತ್ತು. ಆ ಎರಡು ವರ್ಷದ ಒರಟು ಪ್ರತಿಗಳಲ್ಲಿ ಮರಳಿ ನನ್ನ ಕೈಗೆ ಬಂದದ್ದು ಏಳು. ಉಳಿದವು ಎಲ್ಲಿ ಹೋದವೋ. ಹಳೆಯ ಪೇಪರಿನವನಿಗೆ ಹೋಗಿರಬೇಕು. ಆ ಮನೆಗಳ ಹಿರಿಯರು ಏನು ಹೇಳಿದ್ದರೆಂಬುದು ಈಗ ಉಳಿದಿರುವುದು ನನ್ನ ಕನ್ನಡದಲ್ಲಿ.

ಮೂರನೆಯ ವರ್ಷದಿಂದ ಪದ್ಧತಿ ಬದಲಾಯಿಸಿದೆವು. ಕೇಳಿದ್ದನ್ನು ಕೇಳಿದಂತೆಯೇ ಬರೆಯುವುದು, ಮುದ್ರಣ ಯಂತ್ರವಿದ್ದರೂ ಬರೆಯುವುದು, ಬರೆದದ್ದನ್ನು ಹೇಳಿದವರಿಗೆ ಓದಿ ಹೇಳುವುದು. ಈ ಕೊನೆಯದರಿಂದ ಕೆಲಸ ಕಷ್ಟವಾಯಿತು. ಓದಿ ಹೇಳಿದ ಕೂಡಲೆ, ‘ಮಗಾ, ಇದೊಂದನ್ನು ತೆಗೆದುಬಿಡು’ ಎನ್ನುವವರೇ ಹೆಚ್ಚು. ಪಾಲಿನ ಜಗಳ, ಹೆರಿಗೆಯಲ್ಲಿ ಹೋದ ಮಗು, ಒಡೆಯರ ಮನೆಯ ಅಂಗಳದಲ್ಲಿ ಎಲ್ಲಿಯವರೆಗೆ ಬರಬಹುದಿತ್ತೆಂಬುದು. ಚರಿತ್ರೆಗೆ ಬೇಕಾದದ್ದು ಇದೇ ಅಲ್ಲವೆ ಎಂದು ವಿದ್ಯಾರ್ಥಿಗಳು ವಾದಿಸಿದರು. ಬೇಕಾದದ್ದೇ. ಆದರೂ ತೆಗೆಯಿಸಿದೆ. ನನ್ನ ನಿರ್ಧಾರ ಸರಿಯೆಂದು ಇಂದಿಗೂ ಪೂರ್ತಿ ನಂಬಿಕೆಯಿಲ್ಲ. ಹೆಂಗಸರನ್ನು ಕೇಳಿದರೆ ಗಂಡಸರು ಒಳಗಿನಿಂದ ಬಂದು ಉತ್ತರ ಕೊಡುವುದು ಮತ್ತೊಂದು ತೊಡಕು. ಅದಕ್ಕೆ ಹುಡುಗಿಯರೇ ಉಪಾಯ ಕಂಡುಕೊಂಡರು: ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಮೆಟ್ಟುಗತ್ತಿಯ ಮುಂದೆ ತಾವೂ ಕುಳಿತು ಸುಲಿಯುತ್ತ ಕೇಳುವುದು. ಕೈಗೆ ಕೆಲಸವಿದ್ದರೆ ಮಾತು ಬರುತ್ತದೆ. ಬರೆದುಕೊಳ್ಳುವುದು ಮಾತ್ರ ಮರುದಿನ; ಚೊಗರು ಹಿಡಿದ ಬೆರಳಿನ ಕರೆ ಹಲವು ಪುಟಗಳ ಮೇಲೆ ಇದೆ.

ಹಿರಿಯರ ನೆನಪೆಲ್ಲ ಸತ್ಯವೆಂದು ನಾನು ಹೇಳುವುದಿಲ್ಲ. 1948ರ ನೀರನ್ನೂ 1964ರ ನೀರನ್ನೂ ಒಂದೇ ನೀರೆಂದು ಹೇಳಿದವರಿದ್ದಾರೆ. ಲೋಹಿಯಾ ಅವರನ್ನು ತಾವು ಕಂಡೆವೆಂದವರೆಲ್ಲ ಕಂಡಿದ್ದರೆ ಆ ಊರಿನಲ್ಲಿ ನಿಲ್ಲಲು ಜಾಗವಿರುತ್ತಿರಲಿಲ್ಲ. ಕಡತಗಳೊಡನೆ ಹೋಲಿಸಿ ನೋಡಬೇಕಾದ ಕೆಲಸ ಇನ್ನೂ ಬಹಳವಿದೆ. ಅದು ಬಲ್ಲವರು ಮಾಡಬೇಕಾದದ್ದು. ಆದರೆ ಕೊಳಗದ ಮೇಲೆ ಗೋಪುರ ನಿಲ್ಲಿಸುವಾಗ ಕಿರುಬೆರಳು ಎಲ್ಲಿರಬೇಕೆಂಬುದನ್ನು ಕಡತ ಹೇಳಲಾರದು.

ನಿವೃತ್ತನಾದ ಮೇಲೆ ಪುಸ್ತಕಗಳ ನೆರಳಚ್ಚು ಪ್ರತಿಗಳನ್ನು ಆಯಾ ಮನೆಗಳಿಗೆ ತಲುಪಿಸುವ ಕೆಲಸವನ್ನು ಹಿಡಿದಿದ್ದೇನೆ. ಅರ್ಧದಷ್ಟು ಆಗಿದೆ. ಮೊದಲೆಲ್ಲ ತುಮರಿ ಕಡೆಗೆ ಹೋಗಲು ಅಂಬಾರಗೋಡ್ಲಿನಲ್ಲಿ ಲಾಂಚಿಗೆ ಕಾಯಬೇಕಾಗುತ್ತಿತ್ತು. 2025ರ ಜುಲೈಯಲ್ಲಿ ಹಿನ್ನೀರಿನ ಮೇಲಿನ ಸೇತುವೆ ತೆರೆಯಿತು. ಈಗ ಕೆಲವೇ ನಿಮಿಷಗಳಲ್ಲಿ ಆಚೆ ದಡ. ಕಳೆದ ಸಲ ಹೋದಾಗ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಅಜ್ಜಿಯನ್ನೂ ಕಾರಿನಲ್ಲಿ ಕೂರಿಸಿಕೊಂಡಿದ್ದ. ಸೇತುವೆಯ ನಡುವೆ ಆಕೆ ನಿಲ್ಲಿಸಲು ಹೇಳಿದರು. ಇಳಿದು ಕಂಬಿಯ ಬಳಿ ನಿಂತು, ನೀರಿನ ಕಡೆಗೆ ಕೈ ಚಾಚಿ, ‘ಅಲ್ಲಿ ನಮ್ಮ ಕಣ, ಅದರಾಚೆ ಹಳ್ಳ, ಈ ಕಡೆ ಅವರ ಮನೆ, ಕೆಂಡ ತರುತ್ತಿದ್ದದ್ದು’ ಎಂದು ತೋರಿಸತೊಡಗಿದರು. ನೀರು ಎಲ್ಲ ಕಡೆಯೂ ಒಂದೇ ಸಮನಾಗಿತ್ತು. ಹುಡುಗ ಜೇಬಿನಲ್ಲಿ ಪೆನ್ನನ್ನು ಹುಡುಕುತ್ತಿದ್ದ.